ಕರೆಯದೆ ಹಿಡಿದ ಹಗ್ಗ

ಪೂಜಿತಾಳಿಗೆ ನಾಟಕದ ಹುಚ್ಚು ಹಿಡಿಸಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹೇಳದಿದ್ದರೆ ಉಪ್ಪುಂದದಲ್ಲಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅವಳಿಗೆ ಒಳ್ಳೆಯದಾದ ದಿನ "ಎಲ್ಲ ಉಮಾನಾಥ ಮಾಷ್ಟ್ರ ಪುಣ್ಯ" ಎನ್ನುತ್ತಾರೆ, ಕಷ್ಟ ಬಂದ ದಿನ "ಆ ಮಾಷ್ಟ್ರಿಗ್ ಬೇರೆ ಕೆಲ್ಸ ಇಲ್ಲೆ" ಎನ್ನುತ್ತಾರೆ. ಎರಡನ್ನೂ ಒಂದೇ ಬಾಯಿ ಹೇಳಿದ್ದನ್ನು ನಾನು ಕೇಳಿದ್ದೇನೆ.

ನನ್ನ ಮನೆ ಕೋಟೇಶ್ವರದಲ್ಲಿ. ಉಪ್ಪುಂದದ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿದೆ. ಬೆಳಿಗ್ಗೆ ಬೈಂದೂರು ಬಸ್ಸು, ಸಂಜೆ ಕುಂದಾಪುರ ಬಸ್ಸು. ಆಯುಸ್ಸಿನ ಕಾಲುಭಾಗ ಹೆದ್ದಾರಿಯಲ್ಲೇ ಸವೆಯಿತು. ನಾನು ಕಲಿಸಿದ ಸಂಧಿ ಸಮಾಸ ಯಾರಿಗೂ ನೆನಪಿಲ್ಲ. ಆಡಿಸಿದ ನಾಟಕಗಳನ್ನು ಮಾತ್ರ ಜನ ಇವತ್ತಿಗೂ ನೆನೆಯುತ್ತಾರೆ, ಅದರಲ್ಲೂ ಕೆಟ್ಟುಹೋದವನ್ನು.

ಹಾಗೆ ಕೆಟ್ಟುಹೋಗಬೇಕಿದ್ದ ಒಂದು ನಾಟಕದ ದಿನ ಪೂಜಿತಾ ನನ್ನ ಕಣ್ಣಿಗೆ ಬಿದ್ದಳು. ಆಗ ಅವಳು ಎಂಟನೇ ಕ್ಲಾಸು. ವಾರ್ಷಿಕೋತ್ಸವಕ್ಕೆ ಪರದೆ ಎಳೆಯಲು ನಾಲ್ಕು ಹುಡುಗರನ್ನು ನಿಲ್ಲಿಸಿದ್ದೆ. ನಾಲ್ಕು ಜನ ನಾಲ್ಕು ದಿಕ್ಕಿಗೆ ಎಳೆದು ಪರದೆ ಅರ್ಧಕ್ಕೆ ಸಿಕ್ಕಿಕೊಂಡಿತು. ರಾಜನೂ ಮಂತ್ರಿಯೂ ಸೊಂಟದಿಂದ ಕೆಳಗೆ ಮಾತ್ರ ಕಾಣುತ್ತಿದ್ದರು. ಸಭೆಯಲ್ಲಿ ನಗುವೋ ನಗು. ಆಗ ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತಿದ್ದ ಹುಡುಗಿಯೊಬ್ಬಳು ಎದ್ದು ಬಂದು, ಲಂಗ ಎತ್ತಿ ಸಿಕ್ಕಿಸಿ, ಹಗ್ಗಕ್ಕೆ ಕೈ ಹಾಕಿ, "ಈಗ!" ಎಂದು ಕೂಗಿದಳು. ಹುಡುಗರು ಬೆಚ್ಚಿಬಿದ್ದು ಒಟ್ಟಿಗೆ ಎಳೆದರು. ಪರದೆ ಸರಸರ ಮೇಲೆ ಹೋಯಿತು. ನಾಟಕ ಮುಗಿಯುವ ತನಕ ಅವಳು ಆ ಹಗ್ಗ ಬಿಡಲಿಲ್ಲ.

ತಿಮ್ಮಣ್ಣನ ಮಗಳು ಎಂದು ಗೊತ್ತಾದ ಮೇಲೆ ನನಗೆ ಆಶ್ಚರ್ಯವೇನೂ ಉಳಿಯಲಿಲ್ಲ. ತಿಮ್ಮಣ್ಣನದು ಕೈರಂಪಣಿ ಮೀನುಗಾರಿಕೆ. ನೋಡದವರಿಗೆ ಹೇಳುತ್ತೇನೆ: ಬಲೆಯ ಒಂದು ತುದಿಯ ಹಗ್ಗ ದಡದಲ್ಲೇ ಇರುತ್ತದೆ. ದೋಣಿ ಬಲೆ ಬಿಡುತ್ತಾ ಸಮುದ್ರದಲ್ಲಿ ಅರ್ಧ ಸುತ್ತು ಹಾಕಿ, ಇನ್ನೊಂದು ತುದಿಯ ಹಗ್ಗವನ್ನು ಎರಡು ಫರ್ಲಾಂಗು ಆಚೆ ದಡಕ್ಕೆ ತರುತ್ತದೆ. ಆಮೇಲೆ ಎರಡೂ ಕಡೆ ಜನ ಸಾಲಾಗಿ ನಿಂತು ಎಳೆಯಬೇಕು. ಯಂತ್ರ ಇಲ್ಲ, ಕೈಯೇ ಎಲ್ಲ.

ಈ ಹಗ್ಗದ ಮರ್ಯಾದೆಯೇ ಬೇರೆ. ಎಳೆಯಲು ಯಾರೂ ಯಾರನ್ನೂ ಕರೆಯುವುದಿಲ್ಲ. ದಡದಲ್ಲಿ ಇದ್ದವರು ಕೈ ಹಾಕುತ್ತಾರೆ, ಅಷ್ಟೇ. ದೇವಸ್ಥಾನದಿಂದ ಬರುವವರು ಮುಂಡು ಎತ್ತಿ ಕಟ್ಟುತ್ತಾರೆ, ಶಾಲೆ ಬಿಟ್ಟ ಮಕ್ಕಳು ಚೀಲವನ್ನು ಮರಳಿಗೆ ಎಸೆಯುತ್ತಾರೆ. ಕೈ ಹಾಕಿದವರಿಗೆಲ್ಲ ಕೊನೆಗೆ ಒಂದಿಷ್ಟು ಮೀನು. ಕೈ ಕಟ್ಟಿ ನಿಂತು ನೋಡಿದವನಿಗೆ ಬೈಗುಳ. ನಾನು ಶಾಲೆಗೆ ಸೇರಿದ ಹೊಸತರಲ್ಲಿ ಹಾಗೆ ನಿಂತು ತಿಮ್ಮಣ್ಣನ ಬಾಯಿಗೆ ಸಿಕ್ಕಿದವನು. "ಹ್ವಾಯ್ ಮಾಷ್ಟ್ರೇ, ನಿಮ್ ಕೈಯಿಗೆ ಎಂತ ಆಯ್ತ್?" ಎಂದು ಕೇಳಿದ್ದ. ಅವತ್ತು ಅಂಗೈ ಸುಲಿಯುವಷ್ಟು ಎಳೆದೆ. ಮರುದಿನ ಸೀಮೆಸುಣ್ಣ ಹಿಡಿಯಲಾಗದೆ, ಮಕ್ಕಳಿಗೆ "ನೀವೇ ಓದಿಕೊಳ್ಳಿ" ಎಂದು ಹೇಳಿ ಕೂತೆ.

ಹಗ್ಗ ಬಿಡು ಎಂದು ಆ ದಡದಲ್ಲಿ ಯಾರಿಗೂ ಹೇಳುವುದಿಲ್ಲ. ಕುಡಿದು ಬಂದು ಕಾಲು ತಡವರಿಸುವವನಿಗೆ ಮಾತ್ರ ಹೇಳುತ್ತಾರೆ. ಹೇಳಿಸಿಕೊಂಡವನು ನಾಲ್ಕು ದಿನ ಆ ಕಡೆ ಮುಖ ಹಾಕುವುದಿಲ್ಲ.

ಪೂಜಿತಾ ಕುಂದಾಪುರದಲ್ಲಿ ಡಿಗ್ರಿ ಮಾಡಿದಳು, ಬ್ರಹ್ಮಾವರದ ಒಂದು ಶಾಲೆಯಲ್ಲಿ ಎರಡು ವರ್ಷ ಮಕ್ಕಳಿಗೆ ನಾಟಕ ಆಡಿಸಿದಳು. ಆಮೇಲೆ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ರಂಗ ನಿರ್ವಹಣೆ ಓದಲು ಪೂರ್ತಿ ಸ್ಕಾಲರ್‌ಶಿಪ್ ಸಿಕ್ಕಿತು. ನಟಿಯಾಗುವುದಲ್ಲ, ಪರದೆಯ ಹಿಂದೆ ನಿಂತು ನಾಟಕ ಸರಿಯಾಗಿ ಓಡುವಂತೆ ನೋಡಿಕೊಳ್ಳುವುದು. ಅರ್ಜಿಗೆ ಶಿಫಾರಸು ಪತ್ರ ಬರೆದವನು ನಾನೇ. ಮೂರು ರಾತ್ರಿ ನಿಘಂಟು ಹಿಡಿದು ಇಂಗ್ಲಿಷಿನಲ್ಲಿ ಬರೆದೆ. ಹೊರಡುವ ದಿನ ಅಳುವುದನ್ನೆಲ್ಲ ಅವಳ ಅಮ್ಮ ರತ್ನ ಒಬ್ಬಳೇ ಅತ್ತು ಮುಗಿಸಿದಳು. ಬೈಂದೂರು ಮಾರ್ಕೆಟಿನಲ್ಲಿ ಮೀನು ಮಾರುವ ಗಂಟಲು ಅದು. ಉಳಿದವರ ಅಳು ಯಾರಿಗೂ ಕೇಳಿಸಲಿಲ್ಲ.

ನನಗೂ ಅಳು ಬಂದಿತ್ತು, ಆದರೆ ಅದು ಬೇರೆ ಜಾತಿಯದು. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ನನಗೂ ನಾಟಕ ಕಲಿಯಲು ದೂರ ಹೋಗಬೇಕೆಂದಿತ್ತು. ಮನೆಯಲ್ಲಿ ಗದ್ದೆ ಇತ್ತು, ಅಪ್ಪ ಇದ್ದರು, ಅಪ್ಪನ ಕೋಪ ಇತ್ತು. ಶಿವಮೊಗ್ಗದ ಹತ್ತು ದಿನದ ಶಿಬಿರವೇ ನಾನು ಹೋದ ಅತಿ ದೂರದ ನಾಟಕಶಾಲೆ. ಆದ್ದರಿಂದ ಪೂಜಿತಾ ವಿಮಾನ ಹತ್ತಿದ ದಿನ ನನ್ನದೇ ಒಂದು ಭಾಗ ಹತ್ತಿತು ಎಂದು ನನಗನಿಸಿತು. ಹೀಗೆ ಅನಿಸುವುದು ಒಳ್ಳೆಯದಲ್ಲ ಎಂದು ಆಗ ಗೊತ್ತಿರಲಿಲ್ಲ.

ಓದಿನ ಭಾಗವಾಗಿ ಹನ್ನೆರಡು ವಾರ ಒಂದು ರಂಗಮಂದಿರದಲ್ಲಿ ಇಂಟರ್ನ್ ಆಗಿ ದುಡಿಯಬೇಕಿತ್ತು. ಫೆಬ್ರವರಿ ಕೊನೆಗೆ ಅವಳನ್ನು ಉತ್ತರದ ಒಂದು ಸಣ್ಣ ಬಂದರು ಊರಿಗೆ ಕಳಿಸಿದರು. ಆ ಊರಿನ ಹೆಸರನ್ನು ನನ್ನ ಬಾಯಲ್ಲಿ ಹೇಳಿಸಬೇಡಿ; ಬರೆಯುವುದೊಂದು, ಓದುವುದು ಇನ್ನೊಂದು. ಅಲ್ಲಿಗೆ ತಲುಪಿದ ಮರುದಿನವೇ ನನ್ನ ಫೋನಿಗೆ ಅವಳ ಧ್ವನಿ ಸಂದೇಶ ಬಂತು.

"ಸರ್, ಇಲ್ಲ್ ಮಿಷನ್ ಇಲ್ಲೆ! ಎಲ್ಲ ಹಗ್ಗವೇ. ಮ್ಯಾಲೆ ಅಟ್ಟದಂಗೆ ಒಂದ್ ಜಾಗ ಇತ್ತ್, ಅಲ್ಲ್ ನಿಂತ್ಕಂಡ್ ಕೈಯಗೇ ಎಳುದ್. ಹಿಂದೆ ಹಡಗಿನವ್ರೇ ಬಂದ್ ಈ ಕೆಲ್ಸ ಮಾಡ್ತಿದ್ರ್ ಅಂಬ್ರ್. ನಂಗೆ ಮನಿಗ್ ಬಂದಂಗ್ ಆಯ್ತ್ ಸರ್."

ಅದನ್ನು ತಿಮ್ಮಣ್ಣನಿಗೆ ಕೇಳಿಸಲು ಅವತ್ತೇ ಬಸ್ಸು ಹತ್ತಿದೆ. ಅವನು ಮೂರು ಸಲ ಕೇಳಿದ. "ಹಡಗಿನವ್ರಾ? ಹಾಂಗಾರೆ ನಮ್ಮವ್ರೇ" ಎಂದ. ಸಂಜೆಯೊಳಗೆ, ತಿಮ್ಮಣ್ಣನ ಮಗಳು ಫಾರಿನ್ನಿನಲ್ಲಿ ಹಗ್ಗ ಎಳೆಯುತ್ತಾಳೆ ಎಂಬ ಸುದ್ದಿ ದಡದ ತುಂಬ ಹರಡಿತು. ಮಗಳು ಪಾಸಾದಾಗ ಅವನು ಇಷ್ಟು ಹಿಗ್ಗಿರಲಿಲ್ಲ. ಓದು ಅವನಿಗೆ ತಿಳಿಯದ ಸಂಗತಿ. ಹಗ್ಗ ಹಾಗಲ್ಲ.

ಅಲ್ಲಿನ ಕೆಲಸವನ್ನು ಅವಳು ಹೇಳಿದ ಹಾಗೆ ಹೇಳುತ್ತೇನೆ. ವೇದಿಕೆಯ ಮೇಲೆ, ಪ್ರೇಕ್ಷಕರ ಕಣ್ಣಿಗೆ ಕಾಣದಷ್ಟು ಎತ್ತರದಲ್ಲಿ, ನಾಟಕದ ಚಿತ್ರಗಳೆಲ್ಲ ತೂಗಿರುತ್ತವೆ: ಬಟ್ಟೆಯ ಮೇಲೆ ಬರೆದ ಬೀದಿ, ಕಾಡು, ಆಕಾಶ. ಪಕ್ಕದ ಅಟ್ಟದಲ್ಲಿ ಸಾಲು ಹಗ್ಗಗಳು, ಒಂದೊಂದಕ್ಕೂ ನಂಬರು. ಕೆಂಪು ದೀಪ ಬಂದರೆ ಸಿದ್ಧವಾಗಬೇಕು, ಹಸಿರು ಬಂದರೆ ಎಳೆಯಬೇಕು. ಹಗ್ಗದಲ್ಲಿ ಬಣ್ಣದ ದಾರ ಕಟ್ಟಿರುತ್ತದೆ; ಆ ದಾರ ಕೈಗೆ ಬಂದಾಗ ನಿಲ್ಲಿಸಬೇಕು. ಚಿತ್ರದ ಭಾರ ಹಗ್ಗಕ್ಕೆ ಕಟ್ಟಿದ ಮರಳಿನ ಚೀಲದಿಂದ ಅರ್ಧ ಇಳಿದಿರುತ್ತದೆ, ಉಳಿದ ಅರ್ಧ ಎಳೆಯುವವನ ಕೈಗೆ. ಆ ಅಟ್ಟಕ್ಕೆ ಯಜಮಾನ ಡೆರೆಕ್ ಎಂಬ ಅರವತ್ತು ದಾಟಿದ ಮನುಷ್ಯ. ದಿನಕ್ಕೆ ಹತ್ತು ಲೋಟ ಚಹಾ, ಹತ್ತು ಮಾತು.

ಎರಡು ವಾರ ಅವಳು ಹಗ್ಗ ಸುತ್ತಿದಳು, ಗಂಟು ಹಾಕಿದಳು, ಅಟ್ಟ ಗುಡಿಸಿದಳು. ಅವಳ ಗಂಟು ನೋಡಿ ಡೆರೆಕ್ "ಒಳ್ಳೆಯದು" ಎಂದನಂತೆ. ಹತ್ತರಲ್ಲಿ ಒಂದು ಮಾತು ತನಗೆ ಸಿಕ್ಕಿತು ಎಂದು ಅವಳು ನನಗೆ ಬರೆದಳು.

ಮೂರನೇ ವಾರ ಹೊಸ ನಾಟಕದ ತಾಲೀಮು. ಹಸಿರು ದೀಪ ಬಂತು. ಡೆರೆಕ್ ಒಂದು ದೊಡ್ಡ ಬೀದಿಯ ಚಿತ್ರವನ್ನು ಮೇಲಕ್ಕೆ ಎಳೆಯುತ್ತಿದ್ದ. ಭಾರದ ಚಿತ್ರ. ಅವನು ಹಲ್ಲು ಕಚ್ಚಿದ, ಉಸಿರು ಬಿಗಿಹಿಡಿದ, ಬೆನ್ನು ಬಾಗಿತು. ಪೂಜಿತಾ ಅವನ ಹಿಂದೆ ನಾಲ್ಕು ಅಡಿ ದೂರದಲ್ಲಿ ನಿಂತಿದ್ದಳು.

ಉಪ್ಪುಂದದಲ್ಲಿ ಹುಟ್ಟಿದ ಮಗು ಬೇರೇನು ಮಾಡುತ್ತದೆ? ಮುಂದೆ ನುಗ್ಗಿ ಅವನ ಹಿಂದೆ ಹಗ್ಗಕ್ಕೆ ಕೈ ಹಾಕಿ ಎಳೆದಳು. ಹತ್ತಾಳಿನ ಕಡ್ಡಿ ಒಬ್ಬನ ಹೊರೆ ಎಂದು ನಾನೇ ಕ್ಲಾಸಿನಲ್ಲಿ ಕಲಿಸಿದ್ದೆ. ಅಲ್ಲಿ ಆ ಲೆಕ್ಕ ತಲೆಕೆಳಗು. ಇಬ್ಬರ ಎಳೆತಕ್ಕೆ ಚಿತ್ರ ನಿಲ್ಲಬೇಕಾದ ಜಾಗ ದಾಟಿ ಮೇಲಕ್ಕೆ ಹಾರಿತು, ಬಣ್ಣದ ದಾರ ಡೆರೆಕ್‌ನ ಕೈಯಲ್ಲಿ ನಿಲ್ಲದೆ ಜಾರಿಹೋಯಿತು. ಚಿತ್ರದ ಮರದ ಪಟ್ಟಿ ಪಕ್ಕದ ದೊಡ್ಡ ದೀಪಕ್ಕೆ ಬಡಿದು ಅದರ ಗಾಜು ವೇದಿಕೆಯ ಮೇಲೆ ಪುಡಿಪುಡಿಯಾಗಿ ಬಿತ್ತು. ಅಲ್ಲಿ ನಿಂತಿದ್ದ ನಟಿಗೆ ಎರಡು ಅಡಿ ದೂರ. ಯಾರಿಗೂ ಏನೂ ಆಗಲಿಲ್ಲ. ಆದರೆ ಎಲ್ಲವೂ ನಿಂತಿತು.

ಡೆರೆಕ್ ಹಗ್ಗವನ್ನು ಭದ್ರವಾಗಿ ಕಟ್ಟಿ, ತಿರುಗಿ, ಕೂಗಾಡದೆ ಕೇಳಿದ: "ನಿನ್ನನ್ನು ಯಾರು ಕರೆದರು?"

ಆ ಪ್ರಶ್ನೆ ಅವಳಿಗೆ ಅರ್ಥವೇ ಆಗಲಿಲ್ಲವಂತೆ. ಹುಟ್ಟಿದಂದಿನಿಂದ ಅವಳನ್ನು ಯಾರೂ ಹಗ್ಗಕ್ಕೆ ಕರೆದದ್ದೇ ಇಲ್ಲ. ಎಂಟನೇ ಕ್ಲಾಸಿನಲ್ಲಿ ನಾನೂ ಕೇಳಿರಲಿಲ್ಲ. ನಾನಾದರೂ ಆಗ ಒಂದು ಮಾತು ಕೇಳಿದ್ದರೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ಒಂದು ಹಗ್ಗಕ್ಕೆ ಒಬ್ಬರೇ, ಅದು ಅಲ್ಲಿನ ಕಾನೂನು. ಎಳೆಯುವವನ ಕೈಗೆ ಭಾರ ಎಷ್ಟೆಂದು ಗೊತ್ತಿರಬೇಕು. ಇನ್ನೊಂದು ಕೈ ಬಂದರೆ ಆ ತಿಳಿವಳಿಕೆ ಹೋಯಿತು. ತಪ್ಪು ಅವರದಲ್ಲ ಎಂದು ಅವಳೂ ಹೇಳಿದಳು, ನಾನೂ ಹೇಳುತ್ತೇನೆ. ಅವಳನ್ನು ಅಟ್ಟದಿಂದ ಇಳಿಸಿ ನೆಲಮಾಳಿಗೆಯ ಬಟ್ಟೆ ಕೋಣೆಗೆ ಕಳಿಸಿದರು. ನಟರ ಅಂಗಿ ಒಗೆಯುವುದು, ಇಸ್ತ್ರಿ ಹಾಕುವುದು, ಗುಂಡಿ ಹೊಲಿಯುವುದು.

ನಾಲ್ಕು ದಿನ ನನಗೆ ಏನೂ ಬರಲಿಲ್ಲ. ಐದನೇ ದಿನ ಧ್ವನಿ ಬಂತು, ಅದೂ ಪಿಸುಮಾತಿನಲ್ಲಿ. ನಡೆದದ್ದನ್ನೆಲ್ಲ ಹೇಳಿ ಕೊನೆಗೆ ಅಂದಳು: "ಸರ್, ಅಪ್ಪಯ್ಯಂಗ್ ಹೇಳ್ಬೇಡಿ. ಹಗ್ಗ ಬಿಡ್ಸಿ ಕಳ್ಸಿದ್ರ್ ಅಂದ್ರೆ ಅವ್ರ್ ತಲಿ ಎತ್ತುದಿಲ್ಲೆ. ನಾನ್ ದಿನಾ ಎಳಿತಿದ್ದೆ ಅಂದೇ ಹೇಳಿ. ಮೇ ತಿಂಗ್ಳ್ ಮುಗಿಯದ್ರೊಳ್ಗೆ ಮತ್ತೆ ಹಗ್ಗ ಹಿಡ್ದೇ ಹಿಡಿತೆ. ಹಿಡ್ದ ಮೇಲೆ ನಾನೇ ಎಲ್ಲ ಹೇಳ್ತೆ."

ಸತ್ಯವನ್ನೇ ನುಡಿ ಎಂದು ಮೂವತ್ತೊಂದು ವರ್ಷ ಕಪ್ಪು ಹಲಗೆಯ ಮೇಲೆ ಬರೆದವನು ಆಯಿತು ಎಂದೆ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ.

ಆಮೇಲಿನ ಭಾನುವಾರಗಳು ನನಗೆ ಪರೀಕ್ಷೆಯಾದವು. ಮೀನು ತರುವ ನೆಪದಲ್ಲಿ ಉಪ್ಪುಂದಕ್ಕೆ ಹೋಗುವುದು ನನ್ನ ಹಳೆಯ ಚಟ, ಬಿಟ್ಟರೆ ಅನುಮಾನ ಬರುತ್ತದೆ. ಹೋದರೆ ತಿಮ್ಮಣ್ಣನ ಪ್ರಶ್ನೆ.

"ಮಾಷ್ಟ್ರೇ, ಅಲ್ಲಿನ್ ಹಗ್ಗ ನಾರಿಂದಾ, ನೈಲಾನಿಂದಾ?"

"ನಾರಿನದೇ."

"ಹಾಂಗಾರೆ ಕೈ ಉರಿತ್ತ್. ಕೊಬ್ರಿ ಎಣ್ಣಿ ಹಾಕುಕ್ ಹೇಳಿ."

ನಾನು "ಹೇಳ್ತೆ" ಎನ್ನುತ್ತಿದ್ದೆ. ಅವಳ ಕೈ ಇಸ್ತ್ರಿ ಪೆಟ್ಟಿಗೆಯಿಂದ ಸುಟ್ಟಿತ್ತು ಎಂದು ಹೇಳುವ ಹಾಗಿರಲಿಲ್ಲ. ಅವನು ಬಂಗುಡೆ ಎಣಿಸದೆ ಚೀಲಕ್ಕೆ ತುಂಬುತ್ತಿದ್ದ. ಆ ಮೀನು ಮನೆಯಲ್ಲಿ ನನಗೆ ರುಚಿಸುತ್ತಿರಲಿಲ್ಲ.

ಪೂಜಿತಾಳ ಧ್ವನಿಗಳು ಮಾತ್ರ ಬರುತ್ತಲೇ ಇದ್ದವು. ಬೇರೆ ಯಾರಿಗೂ ಹೇಳುವಂತಿರಲಿಲ್ಲ, ಆದ್ದರಿಂದ ಎಲ್ಲ ನನಗೇ. ಬಟ್ಟೆ ಕೋಣೆಗೆ ಕಿಟಕಿ ಇಲ್ಲ. ನಾಟಕ ನಡೆಯುವಾಗ ಮೇಲಿನಿಂದ ಹಗ್ಗ ಕಿರುಗುಟ್ಟುವುದು ಛಾವಣಿಯ ಮೂಲಕ ಸಣ್ಣಗೆ ಕೇಳುತ್ತದೆ. ಯಾವ ನಂಬರಿನ ಹಗ್ಗ ಎಂದು ಅವಳು ಸದ್ದಿನಲ್ಲೇ ಹೇಳಬಲ್ಲವಳಾದಳು. "ಈಗ ಹನ್ನೊಂದ್, ಈಗ ನಾಕ್" ಎಂದು ಇಸ್ತ್ರಿ ಹಾಕುತ್ತಾ ಎಣಿಸುತ್ತಿದ್ದಳಂತೆ. ಎಣಿಸುವಾಗ ಬೆರಳು ತಾನೇ ಮುಚ್ಚಿಕೊಳ್ಳುತ್ತಿತ್ತು.

ರಜೆಯ ದಿನ ಸಮುದ್ರದ ಹತ್ತಿರ ಹೋಗುತ್ತಿದ್ದಳು. ಅಲ್ಲಿ ಮೀನಿನ ದೋಣಿಗಳು ಈಗ ಎರಡೋ ಮೂರೋ, ಉಳಿದವೆಲ್ಲ ಶೋಕಿಯ ದೋಣಿಗಳು. ಮೀನಿನ ಅಂಗಡಿ ಇದೆ, ಮಂಜುಗಡ್ಡೆಯ ಮೇಲೆ ಮೀನು ಸಾಲಾಗಿ ಮಲಗಿರುತ್ತದೆ, ಆದರೆ ಯಾರೂ ಕೂಗುವುದಿಲ್ಲ. "ಮೀನ್ ಸತ್ತದ್ದಕ್ಕೆ ಎಲ್ಲ ಬೇಜಾರಗ್ ಇದ್ದಂಗ್ ಕಾಣತ್ತ್ ಸರ್" ಎಂದಳು. ಒಂದು ದಿನ ಕಟ್ಟೆಯ ಮೇಲೆ ಕೂತು, ಅಲ್ಲಿ ಕಟ್ಟಿದ್ದ ಯಾರದೋ ದೋಣಿಯ ಹಗ್ಗದ ಮೇಲೆ ಕೈ ಇಟ್ಟುಕೊಂಡಿದ್ದಳು, ಸುಮ್ಮನೆ. ಅಲೆ ಬಂದಾಗ ಹಗ್ಗ ಬಿಗಿಯುತ್ತಿತ್ತು, ಹೋದಾಗ ಸಡಿಲವಾಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ದೋಣಿಯ ಯಜಮಾನ ಬಂದು, ಬಹಳ ಮರ್ಯಾದೆಯಿಂದ, "ನಿಮಗೇನಾದರೂ ಬೇಕಿತ್ತೇ?" ಎಂದು ಕೇಳಿದ. "ಇಲ್ಲ" ಎಂದು ಎದ್ದು ಬಂದಳು.

ಆ ಧ್ವನಿಯನ್ನು ನಾನು ಹಲವು ಸಲ ಕೇಳಿದ್ದೇನೆ. ಕೊನೆಯಲ್ಲಿ ಒಂದಷ್ಟು ಹೊತ್ತು ಗಾಳಿಯ ಸದ್ದು ಮಾತ್ರ ಇದೆ. ಆಮೇಲೆ, "ಅಲ್ಲ್ ಈಗ ಗಂಟೆ ಎಷ್ಟ್ ಸರ್? ಬಲೆ ಬಿಟ್ಟ್ ಆಯ್ತಾ?" ಎನ್ನುತ್ತಾಳೆ. ಗಂಟೆ ಎಷ್ಟೆಂದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು.

ನಾನೇನು ಮಾಡಿದೆ? ಹುರಿದುಂಬಿಸಿದೆ. "ಬಿಡಬೇಡ, ಹಿಡಿದದ್ದನ್ನು ಸಾಧಿಸು, ಅಂಥ ರಂಗಮಂದಿರ ಎಲ್ಲರಿಗೂ ಸಿಗುವುದಿಲ್ಲ" ಎಂದೆಲ್ಲ ಉದ್ದುದ್ದ ಬರೆದೆ. ಅದರ ಜೊತೆಗೆ ನನ್ನ ಪ್ರಶ್ನೆಗಳು: ದೀಪ ಎಷ್ಟು, ಪರದೆಯ ಬಣ್ಣ ಯಾವುದು, ನಟರು ಮಾತು ಹೇಗೆ ಒಪ್ಪಿಸುತ್ತಾರೆ. ಅವಳು ಹತ್ತು ಗಂಟೆ ದುಡಿದು ಬಂದು ನನ್ನ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುತ್ತಿದ್ದಳು. ಒಬ್ಬ ನಿವೃತ್ತ ಮಾಷ್ಟ್ರ ಹಸಿವು ಅದು. ನಾನು ಕೋಟೇಶ್ವರದ ಜಗಲಿಯಲ್ಲಿ ಕೂತು ಅವಳ ಕಣ್ಣಿಂದ ನಾಟಕ ನೋಡುತ್ತಿದ್ದೆ.

ಒಂಬತ್ತನೇ ವಾರ ಡೆರೆಕ್ ಬಟ್ಟೆ ಕೋಣೆಗೆ ಗುಂಡಿ ಕಿತ್ತುಹೋದ ಕೋಟು ಹಿಡಿದುಕೊಂಡು ಬಂದ. ಗುಂಡಿ ಹೊಲಿಯುವ ತನಕ ಕಾದು ಕೂತಿದ್ದವನು ಇದ್ದಕ್ಕಿದ್ದಂತೆ ಕೇಳಿದ: "ಆವತ್ತು ಯಾಕೆ ಹಿಡಿದೆ?"

ಆರು ವಾರದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅವಳು ಸೂಜಿ ಬದಿಗಿಟ್ಟು ಎಲ್ಲ ಹೇಳಿದಳು: ದಡ, ದೋಣಿ, ಸಾಲು, ಕೈ ಕಟ್ಟಿ ನಿಂತವನಿಗೆ ಬೀಳುವ ಬೈಗುಳ. ಭಾರ ಎಳೆಯುವವನನ್ನು ನೋಡುತ್ತಾ ಸುಮ್ಮನೆ ನಿಲ್ಲುವುದು ನಮ್ಮಲ್ಲಿ ನಾಚಿಕೆಗೇಡು ಎಂದಳು. ಡೆರೆಕ್ ಕೋಟು ತೆಗೆದುಕೊಂಡು ಹೋದ. ಮರುದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತು, "ಮೇಲೆ ಬಾ. ಒಂದು ಸ್ಟೂಲು ಇಟ್ಟಿದ್ದೇನೆ. ನಿನ್ನ ಕೈಗಳ ಮೇಲೆ ಕೂತುಕೋ" ಎಂದ.

ನಿಜವಾಗಿಯೂ ಹಾಗೆಯೇ. ಎರಡೂ ಅಂಗೈಯನ್ನು ತೊಡೆಯ ಅಡಿಗೆ ಹಾಕಿ ಮೂರು ವಾರ ಕೂತಳು. ಡೆರೆಕ್ ಹಲ್ಲು ಕಚ್ಚುತ್ತಾನೆ, ಬೆನ್ನು ಬಾಗುತ್ತದೆ, ಭಾರದ ಚಿತ್ರ ನಿಧಾನ ಏರುತ್ತದೆ, ಅವಳು ಏಳಬಾರದು. ಇಸ್ತ್ರಿಯ ಕೋಣೆಗಿಂತ ಇದೇ ಕಷ್ಟ ಎಂದಳು. "ಕೈಯಿಗೆ ಇರುವೆ ಕಚ್ಚಿದಂಗ್ ಆತ್ತ್ ಸರ್. ಒಂದೊಂದ್ಸಲ ಕಣ್ಣ್ ಮುಚ್ಕಂತೆ." ನಾನು ಹಟ್ಟಿಯಂಗಡಿ ಗಣಪತಿಗೆ ಹರಕೆ ಹೇಳಿಕೊಂಡೆ. ದೇವರಲ್ಲಿ ನನಗೆ ಅಷ್ಟಕ್ಕಷ್ಟೇ. ಆದರೂ ಹನ್ನೆರಡನೇ ವಾರ ಹತ್ತಿರ ಬರುತ್ತಿತ್ತು, ಬೇರೆ ದಾರಿ ಕಾಣಲಿಲ್ಲ.

ಕೊನೆಯ ಬುಧವಾರ ಡೆರೆಕ್ ಹೇಳಿದ: "ಶುಕ್ರವಾರ ಬೆಳಿಗ್ಗೆ ಶಾಲೆಯ ಮಕ್ಕಳಿಗೆ ನಾಟಕ. ಹದಿನೇಳನೇ ನಂಬರು ನಿನ್ನದು. ನಾನು ಅಟ್ಟದ ಆ ತುದಿಯಲ್ಲಿರುತ್ತೇನೆ, ನಿನ್ನ ಕಡೆ ನೋಡುವುದಿಲ್ಲ."

ಶುಕ್ರವಾರ ಅವಳ ಕೊನೆಯ ದಿನ. ಬೆಳಿಗ್ಗೆ ಹತ್ತೂವರೆಗೆ ನಾಟಕ, ನಮಗೆ ಮಧ್ಯಾಹ್ನ ಮೂರು. ನಾನು ಮನೆಯಲ್ಲಿ ಕೂರಲಾಗದೆ ಊಟ ಮುಗಿಸಿ ಬಸ್ಸು ಹತ್ತಿದೆ. ಮೇ ಕೊನೆಯ ಬಿಸಿಲು, ಸಮುದ್ರ ಉಬ್ಬತೊಡಗಿತ್ತು, ಆ ವರ್ಷದ ಬಲೆ ಕೆಲಸ ಮುಗಿಯುತ್ತ ಬಂದಿತ್ತು. ತಿಮ್ಮಣ್ಣ ತೆಂಗಿನ ಮಡಲಿನ ಚಪ್ಪರದಡಿ ಹರಿದ ಬಲೆ ಹೊಲಿಯುತ್ತಿದ್ದ. ರತ್ನ ಮಾರ್ಕೆಟಿನಿಂದ ಬಂದು ಬಾವಿಕಟ್ಟೆಯಲ್ಲಿ ಬುಟ್ಟಿ ತೊಳೆಯುತ್ತಿದ್ದಳು. ನಾನು ಬಲೆಯ ಅಂಚು ಹಿಡಿದು ಕೂತೆ, ಕಣ್ಣು ಗಡಿಯಾರದ ಮೇಲೆ.

"ಎಂತ ಮಾಷ್ಟ್ರೇ, ಬಸ್ಸಿಗ್ ಹೊತ್ತಾಯ್ತಾ?"

"ಇಲ್ಲೆ ಇಲ್ಲೆ."

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ನನ್ನ ಫೋನು ಹೊಡೆಯಿತು. ವಿಡಿಯೋ ಕಾಲ್. ಎದ್ದು ಆಚೆ ಹೋಗಬೇಕಿತ್ತು. ಗಡಿಬಿಡಿಯಲ್ಲಿ ಅಲ್ಲೇ ಒತ್ತಿದೆ.

"ಸರ್! ಎಳ್ದೆ ಸರ್! ಇವತ್ತ್ ಎಳ್ದೆ! ಮಧ್ಯಂತರ ಈಗ, ಐದೇ ನಿಮ್ಷ ಇತ್ತ್!"

ತಿಮ್ಮಣ್ಣ ಬಗ್ಗಿ ಫೋನಿನೊಳಗೆ ಮುಖ ತೂರಿಸಿದ. "ಇವತ್ತ್ ಎಳ್ದ್ಯಾ? ದಿನಾ ಎಳುದಲ್ದಾ ನೀನ್?"

ಅವಳ ಮುಖ ಒಮ್ಮೆಗೇ ಬಿಳಿಚಿತು. ನನ್ನದೂ ಹಾಗೇ ಆಗಿರಬೇಕು. ಆದರೆ ಅವಳು ನನಗಿಂತ ಧೈರ್ಯದವಳು. ಹೇಳಿಬಿಟ್ಟಳು.

"ಇಲ್ಲೆ ಅಪ್ಪಯ್ಯ. ನಾನ್ ಸುಳ್ಳ್ ಹೇಳಿದ್ದ್. ಮೂರ್ನೇ ವಾರ, ಕರೀದೆ ಹಗ್ಗ ಹಿಡ್ದೆ ಅಂದೇಳಿ ಕೆಳ್ಗ್ ಕಳ್ಸಿದ್ರ್. ಒಂಬತ್ತ್ ವಾರ ಆಯ್ತ್. ಆರ್ ವಾರ ಬಟ್ಟಿ ಒಗುದ್, ಇಸ್ತ್ರಿ ಹಾಕುದ್ ಮಾಡ್ತಿದ್ದೆ."

ಒಂಬತ್ತು ವಾರ ನಾನು ಹೆದರಿದ್ದ ಕೋಪ ಈಗ ಬರುತ್ತದೆ ಎಂದು ಕಾದೆ. ಬರಲಿಲ್ಲ. ಅವನು ಬಲೆಯ ಸೂಜಿ ಹಿಡಿದುಕೊಂಡೇ ಹುಬ್ಬು ಗಂಟಿಕ್ಕಿ ಯೋಚಿಸಿದ.

"ಹಗ್ಗ ಹಿಡುಕೆ ಕರೂದ್ ಎಂತಕೆ?" ಎಂದ. ನಿಜವಾಗಿ ತಿಳಿಯದೆ ಕೇಳಿದ ಪ್ರಶ್ನೆ ಅದು. "ಇರ್ಲಿ ಬಿಡ್" ಎಂದು ಅವನೇ ಮುಂದೆ ಹೋದ. "ಇವತ್ತ್ ಎಳ್ದೆ ಅಲ್ದಾ? ಎಂತ ಎಳ್ದೆ, ಹೇಳ್."

ಅವಳ ಮುಖಕ್ಕೆ ರಕ್ತ ಮರಳಿತು. "ಬಟ್ಟಿ ಒಣಗ್ಸು ಬಳ್ಳಿ ಅಪ್ಪಯ್ಯ! ಅದ್ರಗೆ ಅಂಗಿ, ಕಾಲ್ಚೀಲ, ದೊಡ್ಡದೊಂದ್ ಚಡ್ಡಿ. ಹಸ್ರ್ ದೀಪ ಬಂತ್, ನಾನ್ ಎಳ್ದೆ, ಅದ್ ಮೇಲ್ ಹೋತಿದ್ದಂಗೆ ನಾನೂರ್ ಮಕ್ಳ್ ನೆಗ್ಯಾಡಿದ್ದೇ ನೆಗ್ಯಾಡಿದ್ದ್. ದಾರ ಸರಿಯಾಗಿ ಕೈಯಿಗ್ ಬಂತ್. ಒಂದ್ ಇಂಚ್ ಆಚೀಚೆ ಆಯಿಲ್ಲೆ."

ಬಾವಿಕಟ್ಟೆಯಿಂದ ರತ್ನ, "ಚಡ್ಡಿ ಎಳುಕೆ ಇಂಗ್ಲೆಂಡಿಗ್ ಹೋಯ್ಕಾ?" ಎಂದು ಕೂಗಿ ನಕ್ಕಳು. ಪೂಜಿತಾ ನಕ್ಕಳು, ನಾನೂ ನಕ್ಕೆ. ಮೂರು ತಿಂಗಳಲ್ಲಿ ಅಷ್ಟು ಹಗುರಾಗಿ ನಕ್ಕ ನೆನಪಿಲ್ಲ. ಎಲ್ಲ ಸುಸೂತ್ರ ಮುಗಿಯಿತು, ನಾನು ಮಾಡಿದ್ದೇ ಸರಿ ಎಂದುಕೊಂಡೆ.

ತಿಮ್ಮಣ್ಣ ಮಾತ್ರ ಇನ್ನೂ ಹಗ್ಗದಲ್ಲೇ ಇದ್ದ. "ನಿನ್ ಮುಂದೆ ಯಾರ್ ಇದ್ರ್?"

"ಎಲ್ಲಿ?"

"ಹಗ್ಗದಗೆ."

"ಯಾರೂ ಇಲ್ಲೆ."

"ಹಿಂದೆ?"

"ಹಿಂದೂ ಯಾರಿಲ್ಲೆ ಅಪ್ಪಯ್ಯ. ಇಲ್ಲ್ ಒಂದ್ ಹಗ್ಗಕ್ಕೆ ಒಬ್ರೇ. ನಾನೊಬ್ಳೇ ಎಳ್ದದ್ದ್!" ಅವಳ ಧ್ವನಿಯಲ್ಲಿ ಎಷ್ಟು ಹೆಮ್ಮೆ ಇತ್ತೆಂದರೆ, ಅದನ್ನು ಹೇಳಲೆಂದೇ ಅವಳು ಮೂರು ವಾರ ಕೈಗಳ ಮೇಲೆ ಕೂತದ್ದು ಎನಿಸಿತು.

ತಿಮ್ಮಣ್ಣನ ಮುಖ ಇಳಿಯಿತು. ಬಲೆಯ ಸೂಜಿಯನ್ನು ಮರಳ ಮೇಲೆ ಇಟ್ಟ. ಮಗಳಿಗೆ ಹುಷಾರಿಲ್ಲ ಎಂದು ಕೇಳಿದವನ ಹಾಗೆ ಫೋನನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

"ಒಬ್ಳೇಯಾ?" ಎಂದ. ಮತ್ತೆ, "ಯಾರೂ ಇರ್ಲಿಲ್ಯಾ ಮಗಾ ನಿನ್ನೊಟ್ಟಿಗೆ?"

ಪೂಜಿತಾಳ ಆ ಹೆಮ್ಮೆಯ ಮುಖ ನನ್ನ ಕಣ್ಣೆದುರೇ ಕದಡಿತು. ತುಟಿ ಕಚ್ಚಿದಳು, ತಲೆ ಅಲ್ಲಾಡಿಸಿದಳು, ಆಮೇಲೆ ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟಳು. ಹಿಂದಿನಿಂದ ಗಂಟೆ ಹೊಡೆಯಿತು. "ಹೋಯ್ಕ್ ಅಪ್ಪಯ್ಯ" ಎಂದಳು, ಪರದೆ ಕಪ್ಪಾಯಿತು.

ರತ್ನ ಬುಟ್ಟಿ ಬಿಟ್ಟು ಓಡಿ ಬಂದಳು. ತಿಮ್ಮಣ್ಣ ಫೋನನ್ನು ಮುಂಡಿನ ತುದಿಯಲ್ಲಿ ಒರೆಸಿ ನನ್ನ ಕೈಗೆ ಕೊಟ್ಟ. ಸಿಟ್ಟಿರಲಿಲ್ಲ ಅವನ ಮಾತಿನಲ್ಲಿ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಮಾಷ್ಟ್ರೇ, ಇಷ್ಟ್ ವಾರ ಅದ್ ಅಲ್ಲ್ ಒಬ್ಳೇ ಇದ್ದದ್ದ್ ನಿಮ್ಗ್ ಗೊತ್ತಿತ್ತಾ?"

ಗೊತ್ತಿತ್ತು. ವಾರವಾರವೂ ಗೊತ್ತಿತ್ತು. "ಸಾಕು ಮಗಾ, ಬಂದುಬಿಡು" ಎಂದು ನಾನು ಒಂದು ಸಲವೂ ಹೇಳಿರಲಿಲ್ಲ.